ಕಳಶದ ಮುಹೂರ್ತ, ಗರುಡ ಮತ್ತು ನನ್ನ ಡ್ರೋನ್

ಡ್ರೋನ್ ಹಾರಿಸುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಅದಕ್ಕೆ ಮುಂಚೆ ಎರಡು ದಿನ ಜಗಳ ಆಡಬೇಕು. ತವರೂರಿನ ತಿಮ್ಮಪ್ಪನ ಗುಡಿಗೆ ಹೊಸ ಗೋಪುರ ಕಟ್ಟಿಸಿ, ಕಳಶ ಇಡುವ ದಿನ ಡ್ರೋನ್ ತರಬೇಕೆಂದು ದೊಡ್ಡಪ್ಪ ಫೋನ್ ಮಾಡಿದಾಗಲೂ ಮೊದಲು ಆದದ್ದು ಜಗಳವೇ.

"ಮ್ಯಾಲಿಂದ ಕಳಶದ್ ಮ್ಯಾಲೆ ಹೂ ಸುರಿಸ್ಬೇಕು ಕಣವ್ವ."

"ಆಗಲ್ಲ ದೊಡ್ಡಪ್ಪ. ಡ್ರೋನಿಂದ ಏನೂ ಕೆಳಕ್ಕೆ ಹಾಕಂಗಿಲ್ಲ."

"ಓಗ್ಲಿ, ಜನದ ನೆತ್ತಿ ಮ್ಯಾಲೆ ಒಂದು ರೌಂಡು ಹೊಡಿಸು."

"ಅದೂ ಆಗಲ್ಲ. ಜನದ ಮೇಲೆ ಹಾರಿಸಂಗೇ ಇಲ್ಲ."

"ಮತ್ಯಾಕ್ ತತ್ತೀಯ ಅದ್ನ, ಕಂಕುಳಲ್ಲಿ ಇಟ್ಕಳಕಾ?"

ದೊಡ್ಡಪ್ಪ ಗುಡಿ ಸಮಿತಿಯ ಅಧ್ಯಕ್ಷರು. ಊರಿನ ಹಾಲಿನ ಡೈರಿಯಲ್ಲೂ ಅವರದೇ ಮಾತು. ಇಲ್ಲ ಎನ್ನುವ ಪದ ಅವರ ಕಿವಿಗೆ ಬಿದ್ದು ರೂಢಿಯಿಲ್ಲ. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿದವರು ಅವರೇ ಆದ್ದರಿಂದ ನನಗೂ ಇಲ್ಲ ಎಂದು ರೂಢಿಯಿರಲಿಲ್ಲ. ಆದರೆ ಡ್ರೋನ್ ಕೈಗೆ ಬಂದ ಮೇಲೆ ಆ ಪದವನ್ನು ಚೆನ್ನಾಗಿ ಕಲಿತಿದ್ದೇನೆ.

ಕೆ.ಆರ್.ಪೇಟೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಗಂಡ ಕ್ಯಾಮೆರಾ ಹಿಡಿಯುತ್ತಾರೆ, ನಾನು ಡ್ರೋನ್ ಹಾರಿಸುತ್ತೇನೆ. ನಾನು ಪರದೆ ನೋಡುತ್ತಿರುವಾಗ ಅವರು ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಾರೆ. ಇಬ್ಬರೂ ಪರದೆ ನೋಡುತ್ತಾ ನಿಂತರೆ ಡ್ರೋನಿಗೆ ತಾಯಿತಂದೆ ಇಲ್ಲದಂತೆ ಆಗುತ್ತದೆ. ಇದನ್ನು ಆಟಕ್ಕೆ ಹಾರಿಸುವ ಹುಡುಗರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕನ್ನಂಬಾಡಿ ಕಟ್ಟೆಯ ಹತ್ತಿರ ಬೇಡ, ರಂಗನತಿಟ್ಟಿನ ಹಕ್ಕಿಗಳ ಹತ್ತಿರ ಬೇಡ ಎಂದರೆ, ಶ್ರೀರಂಗಪಟ್ಟಣಕ್ಕೆ ಮದುವೆಗೆ ಮುಂಚಿನ ಫೋಟೋ ತೆಗೆಸಲು ಬರುವವರು ನನ್ನನ್ನೇ ಹುಚ್ಚಿಯನ್ನು ನೋಡಿದಂತೆ ನೋಡುತ್ತಾರೆ.

ಕಳಶದ ದಿನಕ್ಕೆ ಎರಡು ದಿನ ಮುಂಚೆ ಊರಿಗೆ ಹೋದೆ. ಬಿಂಡಿಗನವಿಲೆಯಿಂದ ಒಳಕ್ಕೆ ತಿರುಗುವ ರಸ್ತೆ. ಹಾರಿಸಬಹುದಾದ ಜಾಗವೇ ಎಂದು ನಕ್ಷೆಯಲ್ಲಿ ನೋಡಿದೆ, ಹಸಿರು ಬಣ್ಣ ಇತ್ತು. ಅಂದರೆ ನಾನೂರು ಅಡಿಯೊಳಗೆ ಹಾರಿಸಲು ಮೇಲಿನವರ ಅಪ್ಪಣೆ ಬೇಕಿಲ್ಲ. ಆದರೂ ಠಾಣೆಗೆ ಒಂದು ಅರ್ಜಿ ಬರೆದುಕೊಟ್ಟು, ಅದರ ನಕಲಿಗೆ ಮೊಹರು ಹಾಕಿಸಿಕೊಂಡೆ. ಆಮೇಲೆ ಜಾಗ ನಡೆದು ನೋಡಿದೆ. ಗುಡಿಯ ಹಿಂದೆ ಕೆರೆ ಏರಿ. ಮುಂದೆ ಶಾಮಿಯಾನ. ಶಾಮಿಯಾನದಿಂದ ಮುಂದಕ್ಕೆ, ಕೆರೆಯ ನೀರು ಕಾಣುವಷ್ಟು ಎತ್ತರದಲ್ಲಿ, ಕೊಯ್ಲು ಮುಗಿದ ಹುರುಳಿ ಹೊಲ. ನಾನು ನಿಲ್ಲುವುದು ಹೊಲದಲ್ಲಿ ಎಂದು ಗೊತ್ತು ಮಾಡಿಕೊಂಡು ಸುಣ್ಣದಲ್ಲಿ ಒಂದು ವೃತ್ತ ಬರೆಸಿದೆ. ಅಲ್ಲಿಂದಲೇ ಎದ್ದು, ಹೊಲದ ಮೇಲೆಯೇ ನಿಂತು, ದೂರದಿಂದ ಗೋಪುರವನ್ನು ಚಿತ್ರಿಸುವುದು. ಗೋಪುರದ ಸುತ್ತ ಸರ್ವೆ ಮರದ ಕಂಬ ಕಟ್ಟಿ ಅಟ್ಟಣೆ ಮಾಡಿದ್ದರು. ತುದಿಯಲ್ಲಿ ಎರಡು ಹಲಗೆ, ಅಷ್ಟೆ. ಮುಹೂರ್ತಕ್ಕೆ ಅದರ ಮೇಲೆ ನಿಲ್ಲುವವರು ಇಬ್ಬರು: ನಾಗಮಂಗಲದಿಂದ ಬರುವ ಹಿರಿಯ ಅರ್ಚಕರು ಮತ್ತು ಗೋಪುರ ಕಟ್ಟಿದ ಶಿಲ್ಪಿ.

ನನ್ನ ಪಟ್ಟಿಯಲ್ಲಿ ಕೊನೆಯ ಪ್ರಶ್ನೆ ಹಕ್ಕಿಗಳದು. ಶಿವರಾತ್ರಿ ಹತ್ತಿರ ಬಂದಿತ್ತು, ಹದ್ದು ಗರುಡಗಳು ಮರಿ ಮಾಡುವ ಕಾಲ. ಗೂಡಿನ ಹತ್ತಿರ ಡ್ರೋನ್ ಹೋದರೆ ಅವು ಸುಮ್ಮನಿರುವುದಿಲ್ಲ.

"ದೊಡ್ಡಪ್ಪ, ಇಲ್ಲೆಲ್ಲಾದ್ರೂ ಹದ್ದೋ ಗರುಡನೋ ಗೂಡು ಕಟ್ಟಿದ್ಯಾ?"

ದೊಡ್ಡಪ್ಪ ಶಾಮಿಯಾನದ ಗೂಟವನ್ನು ಅಲ್ಲಾಡಿಸಿ ನೋಡಿದರು. "ಇಲ್ಲ ಕಣ್ ಮಗ, ಎಲ್ಲೂ ಇಲ್ಲ" ಎಂದರು.

ನಾನು ಏರಿ ಹತ್ತಿ ನೋಡಬೇಕಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು, ದೊಡ್ಡಮ್ಮ ಊಟಕ್ಕೆ ಕೂಗಿದರು, ಹೋಗಿ ಮುದ್ದೆಯ ಮುಂದೆ ಕೂತೆ. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಸರಿ ಗುರುತು ಹಾಕಿದೆ. ಆಮೇಲೆ ಆದದ್ದಕ್ಕೆಲ್ಲ ಆ ಗುರುತೇ ಮೂಲ, ಅದು ನನ್ನ ಕೈಯದೇ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕಳಶಕ್ಕೆ ಕುಂಭದ ನೀರು ಎರೆಯುವ ಮುಹೂರ್ತವನ್ನು ಪಂಚಾಂಗ ನೋಡಿ ಇಡುತ್ತಾರೆ, ನಿಜ. ಆದರೆ ಗರುಡ ಬಂದು ಕಾಣಿಸಿಕೊಳ್ಳದೆ ಯಾರೂ ನೀರು ಎರೆಯುವುದಿಲ್ಲ. ಅರ್ಚಕರು ಮೇಲೆ ಕುಂಭ ಹಿಡಿದು ನಿಂತಿರುತ್ತಾರೆ, ಕೆಳಗೆ ಊರಿಗೆ ಊರೇ ಕತ್ತೆತ್ತಿ ನಿಂತಿರುತ್ತದೆ. ಕೆಲವು ಕಡೆ ಬೇಗ ಬರುತ್ತದೆ, ಕೆಲವು ಕಡೆ ಗಂಟೆಗಟ್ಟಲೆ ಕಾಯಿಸುತ್ತದೆ. ಪಕ್ಕದೂರಿನ ಗುಡಿಗೆ ಹೋದ ವರ್ಷ ಕಳಶ ಇಟ್ಟಾಗ ವಾಲಗ ಶುರುವಾಗುವ ಮೊದಲೇ ಗರುಡ ಬಂದಿತ್ತಂತೆ. ಅದನ್ನು ಆ ಊರಿನವರು ಸಿಕ್ಕಸಿಕ್ಕ ಕಡೆಯೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ದೊಡ್ಡಪ್ಪನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಆ ಊರಿನ ಯಜಮಾನರನ್ನು ಬೇಕೆಂದೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಆ ದಿನ ಬೆಳಿಗ್ಗೆ ಗಾಳಿ ತೆಳುವಾಗಿತ್ತು. ಡ್ರೋನಿನ ನಾಲ್ಕು ರೆಕ್ಕೆಗಳ ಅಂಚಿಗೂ ಉಗುರು ಆಡಿಸಿ ಬಿರುಕಿಲ್ಲವೆಂದು ನೋಡಿದೆ. ಮೂರು ಬ್ಯಾಟರಿ ತುಂಬಿದ್ದವು. ಡ್ರೋನಿಗೆ ಒಂದು ಗುಣವಿದೆ: ಬ್ಯಾಟರಿ ಇಳಿಯುತ್ತಾ ಬಂದರೆ ಅದು ಯಾರನ್ನೂ ಕೇಳದೆ, ನಾವು ಮೊದಲೇ ಹೇಳಿಟ್ಟ ಎತ್ತರಕ್ಕೆ ಏರಿ, ಎದ್ದ ಜಾಗಕ್ಕೆ ನೇರ ಗೆರೆಯಲ್ಲಿ ವಾಪಸು ಬರುತ್ತದೆ. ಆ ಎತ್ತರವನ್ನು ಗೋಪುರ, ಕರೆಂಟಿನ ತಂತಿ ಎಲ್ಲವನ್ನೂ ದಾಟುವಷ್ಟು ಇಟ್ಟೆ. ಬೆಕ್ಕಿನ ಹಾಗೆ ತಾನಾಗಿ ಮನೆಗೆ ಬರುವ ಈ ಗುಣವನ್ನು ನಾನು ಯಾವಾಗಲೂ ಹೊಗಳುತ್ತಿದ್ದೆ.

ಅರ್ಚಕರು ಹತ್ತುವುದನ್ನು ಪರದೆಯಲ್ಲಿ ನೋಡಿದೆ. ಎಪ್ಪತ್ತು ದಾಟಿದವರು. ಮೆಟ್ಟಿಲ ಹಾಗೆ ಕಟ್ಟಿದ ಅಡ್ಡಕಂಬಗಳನ್ನು ಒಂದೊಂದಾಗಿ ಹಿಡಿದು, ನಡುವೆ ನಿಂತು ಉಸಿರು ತೆಗೆದುಕೊಂಡು ಹೋದರು. ಮೇಲೆ ಹೋದ ಮೇಲೆ ಶಿಲ್ಪಿ ಕುಂಭವನ್ನು ಅವರ ಕೈಗೆ ಕೊಟ್ಟರು. ಎರಡು ಕೈಯಲ್ಲೂ ಕುಂಭ ತಬ್ಬಿಕೊಂಡು ಅರ್ಚಕರು ಆಕಾಶ ನೋಡುತ್ತಾ ನಿಂತರು. ವಾಲಗದವರು ಊದಿದರು. ಮುಹೂರ್ತ ಬಂತು.

ಗರುಡ ಬರಲಿಲ್ಲ.

ಮೊದಲ ಬ್ಯಾಟರಿ ಮುಗಿಯುತ್ತಾ ಬಂತು. ಇಳಿಸಿ, ಬದಲಾಯಿಸಿ, ಮತ್ತೆ ಎಬ್ಬಿಸಿದೆ. ಜನ ಕೈ ಅಡ್ಡ ಹಿಡಿದು ನಾಲ್ಕು ದಿಕ್ಕೂ ನೋಡಿದರು. ಕಾಗೆ ಬಂತು, ಬೆಳ್ಳಕ್ಕಿ ಸಾಲಾಗಿ ಹೋಯಿತು. ಅರ್ಚಕರು ಕುಂಭವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಸ್ವಲ್ಪ ವಾಲಿಸಿಕೊಂಡರು. ಎರಡನೆಯ ಬ್ಯಾಟರಿ ಅರ್ಧಕ್ಕೆ ಬಂದಾಗ ದೊಡ್ಡಪ್ಪ ಬೆವರು ಒರೆಸಿಕೊಳ್ಳುತ್ತಾ ಹೊಲಕ್ಕೆ ಬಂದರು.

"ಮಗ, ಕೆರೆ ಏರಿ ಕಡಿಕೆ ಒಂದ್ಸಲ ಅದ್ನ ಬುಡು. ಅಲ್ಲೇನಾದ್ರೂ ಕುಂತಿದ್ರೆ ಸದ್ದಿಗೆ ಎದ್ ಬತ್ತದೆ."

"ಅಲ್ಲಿ ಏನ್ ಕೂತಿರುತ್ತೆ ದೊಡ್ಡಪ್ಪ?"

"ಏನಿಲ್ಲ. ಸುಮ್ನೆ ಅಂದೆ. ಅಯ್ಯನೋರ ಕೈ ನಡುಗ್ತಾ ಅದೆ ಕಣವ್ವ, ಎಷ್ಟೊತ್ತು ನಿಂತ್ಕಂಡಾರು?"

ಇಷ್ಟು ಹೇಳಿ ದೊಡ್ಡಪ್ಪ ಶಾಮಿಯಾನಕ್ಕೆ ಹಿಂದಿರುಗಿದರು. ಗರುಡನನ್ನು ಹುಡುಕಲು ಡ್ರೋನ್ ಕಳಿಸುವುದು! ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಅರ್ಚಕರ ತೋಳು ನಡುಗುತ್ತಿದ್ದದ್ದು ಪರದೆಯಲ್ಲಿ ನನಗೂ ಕಾಣುತ್ತಿತ್ತು. ಜನದ ಮೇಲೆ ಹೋಗದಂತೆ ಶಾಮಿಯಾನವನ್ನು ಬಳಸಿ, ಬೇಲಿಯ ಗುಂಟ ದೊಡ್ಡ ಸುತ್ತು ಹಾಕಿಸಿ, ಡ್ರೋನನ್ನು ಏರಿಯ ಮೇಲಕ್ಕೆ ಒಯ್ದೆ. ಅಲ್ಲೊಂದು ಹಳೆಯ ಅರಳಿ ಮರ. ಕ್ಯಾಮೆರಾವನ್ನು ಅದರ ನೆತ್ತಿಗೆ ತಿರುಗಿಸಿದೆ.

ಕಡ್ಡಿಗಳ ಗೂಡು. ಅದರ ಅಂಚಿಗೆ ಯಾರದೋ ಸೀರೆಯ ಕೆಂಪು ಚೂರು ಸಿಕ್ಕಿಸಿತ್ತು. ಒಳಗೆ ಎರಡು ಮರಿಗಳು, ಹತ್ತಿಯ ಹಾಗೆ ಮೆತ್ತಗೆ, ಕತ್ತು ನಿಲ್ಲದೆ ತೂಗಾಡುತ್ತಿದ್ದವು. ಅವುಗಳ ಮೇಲೆ ಅರ್ಧ ರೆಕ್ಕೆ ಬಿಚ್ಚಿ ನೆರಳು ಮಾಡಿಕೊಂಡು ತಾಯಿ ನಿಂತಿತ್ತು. ಬಿಳಿಯ ತಲೆ, ಬಿಳಿಯ ಎದೆ, ಇಟ್ಟಿಗೆ ಬಣ್ಣದ ಬೆನ್ನು. ಅದು ನನ್ನನ್ನೇ ನೋಡುತ್ತಿತ್ತು. ಕ್ಯಾಮೆರಾವನ್ನು ಎಂದು ಬುದ್ಧಿಗೆ ಗೊತ್ತು, ಆದರೂ ನನ್ನ ಮೈಯೆಲ್ಲ ಜುಮ್ ಎಂದಿತು. ಹುಟ್ಟಿದಂದಿನಿಂದ ಕೆಳಗಿನಿಂದ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡ ಗರುಡ, ಈಗ ನನ್ನ ಕಣ್ಣಿನ ಎತ್ತರಕ್ಕೆ ಕಣ್ಣಿಟ್ಟು ನಿಂತಿದೆ. ಅದರ ಕಣ್ಣಿನಲ್ಲಿ ಭಯ ಇರಲೇ ಇಲ್ಲ. ತಕ್ಷಣ ಹಿಂದಕ್ಕೆ ತೆಗೆಯಬೇಕಿತ್ತು. ನಾಲ್ಕು ಸೆಕೆಂಡೋ ಐದು ಸೆಕೆಂಡೋ ನಾನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತುಬಿಟ್ಟೆ.

"ಮೇಲಿಂದ! ಮೇಲಿಂದ ಇನ್ನೊಂದು ಬತ್ತಾ ಅದೆ!" ಎಂದು ಗಂಡ ಕೂಗಿದರು.

ಹಕ್ಕಿ ಎರಗಿದಾಗ ಕೆಳಕ್ಕೆ ಇಳಿಸಬಾರದು, ನೇರ ಮೇಲಕ್ಕೆ ಎತ್ತಬೇಕು. ಎರಗುವುದು ಹಕ್ಕಿಗೆ ಸುಲಭ, ನೆಟ್ಟಗೆ ಏರುವುದು ಕಷ್ಟ. ಎತ್ತಿದೆ. ಮೊದಲ ಏಟು ತಪ್ಪಿತು. ಗಂಡುಹಕ್ಕಿ ಒಂದು ಸುತ್ತು ತಿರುಗಿ ಮತ್ತೆ ಬಂತು. ಪರದೆಯಲ್ಲಿ ಆಕಾಶ, ಕೆರೆ, ಆಕಾಶ ಎಂದು ಎಲ್ಲವೂ ಮಗುಚಿ, ಕೈಯಲ್ಲಿದ್ದ ರಿಮೋಟು ಕಿರುಚಿಕೊಳ್ಳತೊಡಗಿತು. ಡ್ರೋನ್ ಹೇಗೋ ನೆಟ್ಟಗಾಯಿತು. ಆದರೆ ಒಂದು ರೆಕ್ಕೆ ಮುಕ್ಕಾಗಿತ್ತು. ಕುಂಟೆತ್ತು ನಡೆದ ಹಾಗೆ ಎಡಕ್ಕೆ ವಾಲಿ ವಾಲಿ ತೂಗುತ್ತಿತ್ತು.

ಅದೇ ಹೊತ್ತಿಗೆ ಶಾಮಿಯಾನದ ಕಡೆಯಿಂದ "ಗೋವಿಂದಾ... ಗೋವಿಂದ!" ಎಂಬ ಕೂಗು ಎದ್ದಿತು. ಅಷ್ಟು ದೂರದ ಡ್ರೋನ್ ಜನಕ್ಕೆ ಕಾಣುತ್ತಿರಲಿಲ್ಲ. ಅವರಿಗೆ ಕಂಡದ್ದು ಏರಿಯ ಮೇಲೆ ಸುತ್ತಿ ಸುತ್ತಿ ಎರಗುತ್ತಿದ್ದ ಗರುಡ ಮಾತ್ರ. ವಾಲಗ ಜೋರಾಯಿತು, ತಮಟೆ ಸೇರಿತು, ಸಾವಿರ ಕೈ ಮೇಲೆದ್ದವು. ಇಡೀ ಊರು ಆನಂದದಲ್ಲಿ ಅಳುತ್ತಿತ್ತು. ನಾವಿಬ್ಬರು ಮಾತ್ರ ಹೊಲದಲ್ಲಿ ನಿಂತು ಬೆವರುತ್ತಿದ್ದೆವು.

ಮೇಲಕ್ಕೆ ಎತ್ತಿದ್ದು, ಮುಕ್ಕಾದ ರೆಕ್ಕೆ, ಎರಡೂ ಸೇರಿ ಬ್ಯಾಟರಿ ಸರಸರ ಇಳಿದುಬಿಟ್ಟಿತ್ತು. ರಿಮೋಟು ಒಂದು ಹೆಣ್ಣುದನಿಯಲ್ಲಿ, ಬ್ಯಾಟರಿ ಸಾಲದು, ವಾಪಸು ಹೊರಡುತ್ತಿದ್ದೇನೆ ಎಂದಿತು. ಪರದೆಯ ಮೇಲೆ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ ಶುರುವಾಯಿತು.

ವಾಪಸು ಎಂದರೆ ನೇರ ಗೆರೆ. ಏರಿಯಿಂದ ನನ್ನ ಸುಣ್ಣದ ವೃತ್ತಕ್ಕೆ ನೇರ ಗೆರೆ ಎಳೆದರೆ ಮೊದಲು ಸಿಗುವುದು ಗೋಪುರ, ಆಮೇಲೆ ಶಾಮಿಯಾನ. ಹೋಗುವಾಗ ನಾನು ಸುತ್ತಿಕೊಂಡು ಹೋಗಿದ್ದೆ. ಬರುವಾಗ ಸುತ್ತಿಕೊಂಡು ಬರುವಷ್ಟು ಬ್ಯಾಟರಿ ಇರಲಿಲ್ಲ. ಏರಿಯ ಮೇಲೇ ಇಳಿಸೋಣವೆಂದರೆ ಅದು ಗೂಡಿನ ಬುಡ. ರೆಕ್ಕೆ ಎಲ್ಲಿ ಕೈಕೊಡುತ್ತದೋ ಗೊತ್ತಿಲ್ಲ, ಬೆನ್ನ ಹಿಂದೆ ಗರುಡ ಬೇರೆ. ಅಟ್ಟಣೆಯ ತುದಿಯ ಹಲಗೆಯ ಮೇಲೆ ಇಬ್ಬರು ಮುಖ ಮೇಲೆ ಮಾಡಿ ನಿಂತಿದ್ದರು.

ಏಳು. ಆರು.

"ಬರ್ಲಿ ಬುಡು, ಅದೇ ಬತ್ತದೆ" ಎಂದರು ಗಂಡ. ಮದುವೆ ಕಾಲ ಮುಂದಿತ್ತು. ಒಪ್ಪಿಕೊಂಡಿದ್ದ ಮದುವೆಗಳಿಗೆಲ್ಲ ಇದ್ದದ್ದು ಆ ಒಂದೇ ಡ್ರೋನ್.

ನಾನು ರದ್ದು ಗುಂಡಿ ಒತ್ತಿದೆ. ಎಣಿಕೆ ನಾಲ್ಕಕ್ಕೆ ನಿಂತಿತು.

"ಏನ್ ಮಾಡ್ತಿದ್ದೀಯ?"

"ನೀರಿಗೆ ಇಳಿಸ್ತಿದ್ದೀನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ತಮ್ಮ ಕೆಲಸ ಮಾಡಿದರು. "ಏರಿ ಮೇಲೆ ಯಾರೂ ಇಲ್ಲ. ನೀರಲ್ಲಿ ದನ ಇಲ್ಲ, ಜನ ಇಲ್ಲ. ಇಳಿಸು." ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದಕ್ಕೆ ಮುಂಚೆ ಯಾವಾಗ ಎಂದು ನೆನಪಿಲ್ಲ.

ನೀರಿಗೆ ಇಳಿಸುವುದು ಹೇಳಿದಷ್ಟು ಸುಲಭವಲ್ಲ. ಡ್ರೋನ್ ಕೆಳಗಿನ ಜಾಗ ನೋಡಿಕೊಂಡು, ಸರಿಯಿಲ್ಲ ಎನಿಸಿದರೆ ತಡೆದು ನಿಲ್ಲುತ್ತದೆ. ಬಲವಂತ ಮಾಡಬೇಕು, ರಿಮೋಟಿನ ಕಡ್ಡಿಯನ್ನು ಕೆಳಕ್ಕೆ ಒತ್ತಿ ಬಿಡದೆ ಹಿಡಿದಿರಬೇಕು. ಮರದಿಂದ ದೂರ, ಕೆರೆಯ ನಡುವಿಗೆ ತಂದು ಒತ್ತಿದೆ. ಅದು ನಿಂತಿತು. ಮತ್ತೆ ಒತ್ತಿ ಹಿಡಿದೆ. ಹೆಬ್ಬೆರಳು ಬೆಳ್ಳಗಾಯಿತು. ಕ್ಯಾಮೆರಾ ನೇರ ಕೆಳಕ್ಕೆ ನೋಡುತ್ತಿತ್ತು. ನೀರು ಮೇಲೆ ಮೇಲೆ ಬಂತು. ಆ ನೀರಿನಲ್ಲಿ ಮೊದಲು ಆಕಾಶ ಕಂಡಿತು, ಆಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ, ಅದು ನನ್ನ ಡ್ರೋನ್. ಅದರ ಮೇಲೆ, ಚುಕ್ಕೆಯನ್ನು ಪೂರ್ತಿ ಮುಚ್ಚುವ ಹಾಗೆ, ರೆಕ್ಕೆ ಹರಡಿಕೊಂಡು ಗರುಡ. ಬೆರಳುಗಳ ಹಾಗೆ ಬಿಡಿಸಿಕೊಂಡ ಗರಿಗಳು ಒಂದೊಂದೂ ಕಾಣುತ್ತಿದ್ದವು. ಇಷ್ಟು ವರ್ಷ ಹಾರಿಸಿದ್ದೇನೆ, ಅಂಥದ್ದನ್ನು ಮತ್ತೆ ಕಂಡಿಲ್ಲ, ಕಾಣುವುದೂ ಇಲ್ಲ. ಮರುಕ್ಷಣ ಪರದೆ ಬೂದು ಬಣ್ಣಕ್ಕೆ ತಿರುಗಿತು. ಸಂಪರ್ಕ ಇಲ್ಲ ಎಂದು ಬಂತು.

ನಾನು ತಲೆ ಎತ್ತಿದೆ.

ಕೆಲಸ ಮಾಡುವಾಗ ನನಗೆ ತಲೆ ಎತ್ತುವ ಅಭ್ಯಾಸವೇ ಇಲ್ಲ, ಆಕಾಶ ಗಂಡನ ಪಾಲಿನದು. ಬರಿಗಣ್ಣಿಗೆ ಗರುಡ ಎಷ್ಟು ದೊಡ್ಡದು ಎನ್ನುವುದನ್ನೇ ಮರೆತಿದ್ದೆ. ಅದು ಕೆರೆಯ ಮೇಲೆ ಒಂದು ಸುತ್ತು ಬಂತು, ಬಿದ್ದದ್ದು ಮತ್ತೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವಂತೆ. ಎರಡನೆಯ ಸುತ್ತು ಅಗಲವಾಯಿತು. ಮೂರನೆಯ ಸುತ್ತಿಗೆ ರೆಕ್ಕೆ ಆಡಿಸದೆ ತೇಲಿಕೊಂಡು ಗೋಪುರದ ಮೇಲೆ ಬಂತು. ಅದರ ನೆರಳು ಕಳಶವನ್ನು ದಾಟಿತು. ಅರ್ಚಕರು ಕುಂಭ ಎತ್ತಿ ಎರೆದರು. ನೀರು ಬಿಸಿಲಲ್ಲಿ ಹೊಳೆದು ಕಳಶದಿಂದ ಗೋಪುರದ ಗೊಂಬೆಗಳ ಮೇಲೆ ಇಳಿಯಿತು. ನನಗೆ ಅಳು ಬಂದುಬಿಟ್ಟಿತು. ನಿಂತಲ್ಲೇ ಹುರುಳಿ ಕೂಳೆಯ ಮೇಲೆ ಕೂತೆ. ಭಯವೋ ಭಕ್ತಿಯೋ ಈಗಲೂ ಹೇಳಲಾರೆ.

ದೊಡ್ಡಪ್ಪ ಓಡಿಬಂದರು. ಮುಖ ಅರಳಿತ್ತು. "ಎಲ್ಲ ಇಡೀತಾ ಮಗ? ಗರುಡ ಬಂದಿದ್ದು ಬಂತಾ? ತೋರ್ಸು, ತೋರ್ಸು!"

"ಕೆರೇಲಿ ಅದೆ ದೊಡ್ಡಪ್ಪ, ಹೋಗಿ ತಗೊ."

ಅವರಿಗೆ ಅರ್ಥವಾಗಲಿಲ್ಲ. ಗಂಡ ಎಲ್ಲವನ್ನೂ ಹೇಳಿದರು. ಗೂಡು ಎಂದಾಗ ದೊಡ್ಡಪ್ಪನ ಕಣ್ಣು ನೆಲಕ್ಕೆ ಹೋಯಿತು.

"ನಿಂಗೆ ಗೊತ್ತಿತ್ತು" ಎಂದೆ.

"ಗೊತ್ತಿತ್ತು ಕಣವ್ವ. ಕಾರ್ತೀಕ ಕಳೆದಾಗಿಂದ ಕಡ್ಡಿ ಸೇರಿಸ್ತಿದ್ದೋ. ಊರಲ್ಲಿ ಎಲ್ರಿಗೂ ಗೊತ್ತು. ನಾನೇ ಯಾರ್ಗೂ ಬಾಯ್ಬುಡ್ಬ್ಯಾಡಿ ಅಂದಿದ್ದೆ."

"ಯಾಕೆ?"

"ಗೂಡು ಅಲ್ಲೇ ಅದೆ ಅಂತ ಗೊತ್ತಾದ್ರೆ ಪಕ್ಕದೂರೋರು ಬುಟ್ಟಾರಾ? 'ಅದು ಅದ್ರ ಗೂಡಿಗ್ ಬಂತು ಕಣ್ಲಾ, ನಿಮ್ ತಿಮ್ಮಪ್ಪಂಗೆ ಬರ್ಲಿಲ್ಲ' ಅಂತ ಆಡ್ಕಳಲ್ವಾ?"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅರ್ಚಕರು ಇಳಿದು ನಮ್ಮ ಕಡೆಗೇ ಬಂದರು. ಶಿಲ್ಪಿಯ ಹೆಗಲು ಹಿಡಿದಿದ್ದರು.

"ನಿನ್ನ ಯಂತ್ರ ಕೆರೆ ಮೇಲೆ ವಾಲಾಡ್ತಿದ್ದದ್ದನ್ನ ನೋಡಿದೆನಮ್ಮ" ಎಂದರು. "ಮೇಲಿಂದ ಎಲ್ಲಾ ಕಾಣಿಸ್ತಿತ್ತು. ಎರಡೂ ಕೈಲಿ ಕುಂಭ. ಬಿಡೋ ಹಾಗಿಲ್ಲ, ಕಂಬ ಹಿಡ್ಕೊಳ್ಳೋ ಹಾಗಿಲ್ಲ. ನಮ್ಮ ಕಡೆ ಬಂದ್ರೆ ಹೋಗೋದೇ ಅಂತ ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅದು ಇರಲಿಲ್ಲ, ಗರುಡ ಮಾತ್ರ ಇತ್ತು."

ಅವರು ಯಾರನ್ನೂ ದೂರಲಿಲ್ಲ. ಅವರಿಗೆ ಗೂಡಿನ ವಿಷಯ ತಿಳಿದೂ ಇರಲಿಲ್ಲ. ಕುಂಭದಲ್ಲಿ ಉಳಿದಿದ್ದ ನೀರನ್ನು ನನ್ನ ಕೈಗೆ ಹಾಕಿದರು. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತ್ತು. ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಶಾಮಿಯಾನದ ಕಡೆ ನಡೆದರು.

ಮೈಕಿನಲ್ಲಿ ಭಕ್ತಿಗೀತೆ ಕಿವಿ ತೂತಾಗುವ ಹಾಗೆ ಕೂಗುತ್ತಿತ್ತು. ಅದು ನಿಂತಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡದ್ದು ಹೊಲದವರೆಗೂ ಕೇಳಿಸಿತು.

"ಎಲ್ರೂ ಒಸಿ ಕೇಳಿ. ಕೆರೆ ಏರಿ ಮ್ಯಾಲಿನ ಅರಳಿ ಮರದಲ್ಲಿ ಗರುಡನ ಗೂಡದೆ. ಎರಡು ಮರಿ ಅವೆ. ನಂಗೆ ಮೊದ್ಲೇ ಗೊತ್ತಿತ್ತು, ಮುಚ್ಚಿಟ್ಟಿದ್ದೆ. ನಮ್ ಮಗ ಕೇಳುದ್ರೂ ಇಲ್ಲ ಅಂದ್ಬುಟ್ಟೆ. ಅದ್ರಿಂದ ಇವತ್ತು ಅಯ್ಯನೋರ ಜೀವ ಓಗೋದಿತ್ತು. ತೆಪ್ಪಾಯ್ತು. ಯಾರೂ ಆ ಕಡಿಕ್ ಓಗ್ಬ್ಯಾಡಿ."

ಇಷ್ಟು ಹೇಳಿ ಮುಂದಿನ ಸಾಲಿನ ಕಡೆ ನೋಡಿದರು. ಪಕ್ಕದೂರಿನ ಯಜಮಾನರು ಆಡಿಕೊಳ್ಳಲಿ ಎಂದು ಕಾಯುತ್ತಿರುವವರಂತೆ ದೊಡ್ಡಪ್ಪ ಮೈಕಿನ ಮುಂದೆಯೇ ನಿಂತರು. ಆ ಯಜಮಾನರು ಎದ್ದರು. ಚಪ್ಪಲಿ ಬಿಟ್ಟರು. ಏರಿಯ ಕಡೆ ತಿರುಗಿ ಕೈ ಮುಗಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಇಡೀ ಶಾಮಿಯಾನ ಗೋಪುರಕ್ಕೆ ಮಾಡಿದ್ದ ಮುಖವನ್ನು ಮರದ ಕಡೆ ತಿರುಗಿಸಿತು.

ಮೈಕಿನ ಹುಡುಗ ಮತ್ತೆ ಹಾಡು ಹಾಕಲು ಹೋದ. ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ ಗದರಿದಳು: "ಲೇ, ಆರ್ಸ್ಲಾ ಅದ್ನ! ಮರಿ ಆಗವೆ ಅಂದ್ರೆ ಬಾಣಂತಿ ಮನೆ ಕಣ್ಲಾ. ಇಂಗೆ ಕಿರುಚುಸ್ತಾರಾ?"

ಮೈಕು ಆರಿತು. ತಮಟೆಯವರು ತಮಟೆಗಳನ್ನು ಗೋಡೆಗೆ ಒರಗಿಸಿದರು. ಸಾವಿರ ಜನ ಎಲೆ ಮುಂದೆ ಕೂತರು, ಒಬ್ಬರೂ ಗಟ್ಟಿಯಾಗಿ ಮಾತಾಡಲಿಲ್ಲ. ಪಾಯಸ ಬೇಕೆಂದವರು ಬೆರಳು ಮಾಡಿ ತೋರಿಸಿದರು. ಮಕ್ಕಳ ಬಾಯಿಗೆ ತಾಯಂದಿರು ತುತ್ತು ಇಟ್ಟು ಸುಮ್ಮನಿರಿಸಿದರು. ಅಷ್ಟು ದೊಡ್ಡ ಪಂಕ್ತಿಯಲ್ಲಿ ಅಂಥ ಮೌನವನ್ನು ನಾನು ಎಲ್ಲೂ ಕಂಡಿಲ್ಲ. ದೊಡ್ಡಪ್ಪ ತಾವೇ ಸಾರಿನ ಬಕೆಟ್ಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದರು. ಆಗ ಏರಿಯ ಕಡೆಯಿಂದ, ಎಳೆಗೂಸಿನ ಅಳುವಿನ ಹಾಗೆ ಸಣ್ಣಗೆ ಎಳೆದೆಳೆದು, ಗರುಡ ಕೂಗಿತು. ದೊಡ್ಡಪ್ಪ ಸೌಟನ್ನು ಹಾಗೇ ಹಿಡಿದು ನಿಂತರು. ಪಂಕ್ತಿಯಲ್ಲಿ ಬಡಿಸುತ್ತಿದ್ದವರೆಲ್ಲ ನಿಂತರು. ಕೂಗು ಮುಗಿಯುವವರೆಗೆ ಯಾರೂ ಬಡಿಸಲಿಲ್ಲ, ಯಾರೂ ತುತ್ತು ಎತ್ತಲಿಲ್ಲ.